ಡಂಗುರದ ಒಕ್ಕಣೆ

"ಗುರುಗಳೇ, ಆಪತ್ತು ಬಂದಾಗ ಮುಖ್ಯಸ್ಥನಾದವನು ತಾನೊಬ್ಬನೇ ನಿರ್ಧರಿಸಬೇಕೋ, ತಿಳಿದವರನ್ನು ಕೂಡಿಸಿ ಕೇಳಬೇಕೋ?" ಎಂದು ಶಿಷ್ಯ ಕೇಳಿದ. ತಂದೆಯ ಕಾರ್ಖಾನೆಯ ಹೊಣೆ ಹೊರಲು ಅವನು ಊರಿಗೆ ಹೊರಟಿದ್ದ.

ಗುರು ಹೇಳಿದರು:

ಒಬ್ಬ ವರ್ತಕನಿದ್ದ. ಹೊಳೆಯ ದಂಡೆಯಲ್ಲಿ ಅವನದೊಂದು ಅದಿರು ತೊಳೆಯುವ ಕಾರ್ಖಾನೆ. ತೊಳೆದ ನೀರು ವಿಷ. ಅದನ್ನು ಕಟ್ಟೆ ಕಟ್ಟಿ ನಿಲ್ಲಿಸಿದ್ದ. ಒಂದು ಬೆಳಗ್ಗೆ ಕಟ್ಟೆ ಒಡೆದು ವಿಷವೆಲ್ಲ ಹೊಳೆಗೆ ಬಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾರಾದರೂ ಹೇಳದ ಹೊರತು ಕೆಳಗಿನ ಊರಿಗೆ ತಿಳಿಯುವಂತಿರಲಿಲ್ಲ.

ವರ್ತಕ ಕೆಟ್ಟವನಲ್ಲ. ಕೂಡಲೇ ಡಂಗುರದವನನ್ನು ಕರೆಸಿ, ಆ ಊರಿಗೆ ಹೋಗಿ ಸಾರಬೇಕು ಎಂದ. ಡಂಗುರದವನ ಒಬ್ಬಳೇ ಮಗಳನ್ನು ಆ ಊರಿಗೇ ಕೊಟ್ಟಿತ್ತು. ಅವಳ ಮನೆಗೂ ಹೊಳೆಯದೇ ನೀರು. ತಮಟೆ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. ಏನು ಸಾರಬೇಕೆಂದು ಒಕ್ಕಣೆ ಕೊಟ್ಟರೆ ಓಡುವುದೊಂದೇ ಬಾಕಿ. ಕೊಟ್ಟ ಒಕ್ಕಣೆಯನ್ನಲ್ಲದೆ ತನ್ನದೇ ಮಾತನ್ನು ಸಾರುವ ಅಧಿಕಾರ ಅವನಿಗಿರಲಿಲ್ಲ.

ಒಳಗೆ ವರ್ತಕ ತಿಳಿದವರನ್ನೆಲ್ಲ ಕೂಡಿಸಿದ್ದ. "'ವಿಷ' ಎನ್ನುವುದು ಬೇಡ, 'ಕಾರ್ಖಾನೆಯ ನೀರು' ಎನ್ನೋಣ" ಎಂದ ಗುಮಾಸ್ತ. "'ಕಾರ್ಖಾನೆ' ಎಂದರೆ ತಪ್ಪೊಪ್ಪಿಕೊಂಡಂತೆ. 'ಕಟ್ಟೆ ಒಡೆಯಿತು' ಎಂದರೆ ಸಾಕು" ಎಂದ ವಕೀಲ. ಪಂಡಿತನೊಬ್ಬ ಒಪ್ಪಲಿಲ್ಲ. "'ಒಡೆಯಿತು' ಎಂದ ಕೂಡಲೇ ಆ ಮಾತಿನಲ್ಲಿ 'ಒಡೆಯ' ಕೇಳಿಸಿಬಿಡುತ್ತಾನೆ" ಎಂದ. ಎಲ್ಲರೂ ಭೇಷ್ ಎಂದರು. ಇಂಥ ಹೊತ್ತಿನಲ್ಲೂ ಮಾತಿನ ಚಮತ್ಕಾರಕ್ಕೆ ತಲೆದೂಗುವ ಮಹಾನುಭಾವರು ಇರುತ್ತಾರಪ್ಪ!

ಬಿಸಿಲೇರಿತು. ಡಂಗುರದವನು ತಡೆಯಲಾರದೆ ಹೊಸ್ತಿಲ ಹೊರಗಿನಿಂದಲೇ ಕೂಗಿದ.

"ಬುದ್ಧೀ, ನೀರು ಕುಡೀಬೇಡಿ ಅಂತ ಅಷ್ಟನ್ನೇ ಸಾರಿ ಬಂದ್ಬಿಡ್ತೀನಿ. ಮಿಕ್ಕಿದ್ದು ಆಮೇಲೆ ಸಾರಿದ್ರಾಯ್ತು."

"ಸ್ವಲ್ಪ ತಾಳಯ್ಯ" ಎಂದ ವರ್ತಕ. "ಒಂದು ಮಾತು ಹೆಚ್ಚುಕಡಿಮೆಯಾದರೆ ನಾಳೆ ಊರಿಗೆ ಊರೇ ನನ್ನ ಬಾಗಿಲಿಗೆ ಬರುತ್ತದೆ."

ಅವನು ತಾಳಿದ. ಓಡಬಹುದಿತ್ತು, ಓಡಲಿಲ್ಲ. ಅಪ್ಪಣೆಯಿಲ್ಲದೆ ಹೆಜ್ಜೆ ಕಿತ್ತ ಅಭ್ಯಾಸ ಅವನಿಗಿರಲಿಲ್ಲ.

ಹೊತ್ತು ಇಳಿಯುವಾಗ ಒಕ್ಕಣೆ ಸಿದ್ಧವಾಯಿತು. 'ಹೊಳೆಯ ನೀರಿನಲ್ಲಿ ವ್ಯತ್ಯಾಸ ಕಂಡುಬಂದಿದೆ. ಸದ್ಯಕ್ಕೆ ಬಳಸದಿರುವುದು ಒಳಿತು. ಯಾರೂ ಗಾಬರಿಪಡಬೇಕಾಗಿಲ್ಲ.' ಯಾವ ನ್ಯಾಯಾಧೀಶನೂ ಕೊಂಕು ಹುಡುಕಲಾಗದ ಒಕ್ಕಣೆ. ಡಂಗುರದವನು ಅದನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಒಂದೇ ಉಸಿರಿಗೆ ಓಡಿದ.

ಊರ ಮುಂದಿನ ಬಯಲಿನಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಸಾಲಿನಲ್ಲಿ ಅವನ ಮಗಳೂ ಇದ್ದಳು. ಉಳಿದವರು ಇವನ ಕಡೆ ತಿರುಗಿ ನೋಡಿದರು. ಏನು ಮಾಡಬೇಕೆಂದು ತೋಚದೆ ಅವನು ತಮಟೆ ಬಡಿದ. ಒಕ್ಕಣೆಯನ್ನು ಮೊದಲಿನಿಂದ ಕೊನೆಯವರೆಗೂ ಸಾರಿದ. ಒಂದಕ್ಷರವೂ ತಪ್ಪಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬಾಡಿತ್ತು. ಬಹಳ ಹೊತ್ತು ಯೋಚಿಸಿ ಕೇಳಿದ: "ಹಾಗಾದರೆ ಯಾವ ಒಕ್ಕಣೆ ಸರಿಯಾಗುತ್ತಿತ್ತು, ಗುರುಗಳೇ?"

"ನೀನು ಇಷ್ಟು ಯೋಚಿಸುವಷ್ಟರಲ್ಲಿ ನೀರು ಊರು ಮುಟ್ಟಿತಪ್ಪ" ಎಂದರು ಗುರು.