ಕುನಿಗುಂಡೆ ಒಲೆ ಹಚ್ಚದ ಮೂರು ವಾರ

ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡದಿದ್ದ ಒಂದಾನೊಂದು ಕಾಲದಲ್ಲಿ, ಕಡಲಿನಾಚೆ ಜರ್ಮನಿ ದೇಶದಲ್ಲಿ, ಹಾಜಲ್‌ಗ್ರುಂಡ್ ಅಂತ ಒಂದು ಪುಟ್ಟ ಹಳ್ಳಿ ಇತ್ತಂತೆ. ನಮ್ಮೂರ ಹಂಚಿನ ಕಾರ್ಖಾನೆ ಹಿಂದೆ ಆ ದೇಶದಿಂದ ಬಂದ ಒಬ್ಬಳು ಪಾದ್ರಿಯಮ್ಮ ಇದ್ದಳಂತೆ, ನಮ್ಮಜ್ಜಿ ಅವಳ ಮನೇಲಿ ಬಟ್ಟೆ ಒಗೀತಿದ್ಲು, ಆ ಪಾದ್ರಿಯಮ್ಮನ ತವರೂರು ಈ ಹಾಜಲ್‌ಗ್ರುಂಡ್. ಅವಳು ಹೇಳಿದ್ದನ್ನೇ ನಾನು ಹೇಳ್ತಿರೋದು. ಹೂಂ ಅಂತಿರು, ಇಲ್ಲಾಂದ್ರೆ ನಿಲ್ಲಿಸಿಬಿಡ್ತೀನಿ.

ಇಪ್ಪತ್ತು ಮನೆ, ಒಂದು ಇಗರ್ಜಿ, ಊರಿಗೆಲ್ಲ ಒಂದೇ ಒಂದು ರೊಟ್ಟಿ ಒಲೆ. ಯಾಕಂದ್ರೆ ಮನೆಗಳೆಲ್ಲ ಹುಲ್ಲು ಹೊದಿಸಿದ್ದು, ಕಿಡಿ ಹಾರಿದ್ರೆ ಊರೇ ಬೂದಿ, ಅದಕ್ಕೆ ಊರ ನಡುವೆ ಕಲ್ಲಲ್ಲಿ ಒಂದು ಗೂಡು ಕಟ್ಟಿ ಒಳಗೆ ಆನೆ ಹೊಟ್ಟೆಯಷ್ಟು ದೊಡ್ಡ ಒಲೆ ಮಾಡಿದ್ರಂತೆ. ಶನಿವಾರ ಬಂದ್ರೆ ಹೆಂಗಸರೆಲ್ಲ ನಾದಿದ ಹಿಟ್ಟು, ತಮ್ಮ ಪಾಲಿನ ಸೌದೆ ಪುಳ್ಳೆ ಹೊತ್ಕೊಂಡು ಬರೋರಂತೆ. ಆ ಒಲೆ ಕಾಯೋಳು ಕುನಿಗುಂಡೆ. ನಗಬೇಡ್ವೇ, ಆ ಕಡೆ ಅಂಥಾ ಹೆಸರೇ ಇಡೋದು. ಗಂಡ ಇಲ್ಲದೋಳು. ಒಬ್ಬನೇ ಮಗ, ಕಿಲಿಯನ್ ಅಂತ. ಅವನು ಸೌದೆ ಸೀಳೋನು, ಇವಳು ರೊಟ್ಟಿ ಬೇಯಿಸೋಳು, ಇಬ್ಬರ ಮೈಯೂ ಯಾವಾಗಲೂ ಹೊಗೆ ವಾಸನೆ.

ಓದುಬರಹ ಯಾರಿಗೂ ಬಾರದು, ಅದಕ್ಕೆ ಮನೆಗೊಂದು ಗುರುತು ಇತ್ತಂತೆ. ಪಟೇಲನ ಮನೆಗೆ ನೇಗಿಲು, ಕಮ್ಮಾರನಿಗೆ ಲಾಳ, ಕುನಿಗುಂಡೆಗೆ ಒಲೆಯಿಂದ ರೊಟ್ಟಿ ಎತ್ತೋ ಉದ್ದ ಹಿಡಿಯ ಹಲಗೆ.

ಹೀಗಿರೋವಾಗ ರಾಜರಾಜರಿಗೆ ಯುದ್ಧ ಹತ್ತಿಕೊಳ್ತು. ಯಾಕೆ ಅಂತ ಊರಿನೋರಿಗೆ ಕಡೇವರೆಗೂ ತಿಳೀಲಿಲ್ಲ. ಮೊದಲನೇ ಸಲ ದಂಡು ಬಂದು ಕಾಳು ಕೊಡಿ ಇಲ್ಲ ಊರು ಸುಡ್ತೀವಿ ಅಂದ್ರಂತೆ, ಕಾಳು ಕೊಟ್ರು. ಆಮೇಲೆ ಎರಡನೇ ಸಲ ಬಂದು ಇಗರ್ಜಿ ಗಂಟೆ ಕೊಡಿ, ಕರಗಿಸಿ ಫಿರಂಗಿ ಎರಕ ಹೊಯ್ಬೇಕು ಅಂದ್ರಂತೆ, ಅತ್ಕೊಂಡು ಅದನ್ನೂ ಇಳಿಸಿ ಕೊಟ್ರು. ಆಮೇಲೆ ಮೂರನೇ ಸಲ ಬಂದ್ರು, ಆಗ ಕೊಡೋಕೆ ಏನೂ ಉಳಿದಿರಲಿಲ್ಲ. ದಂಡಿನ ಯಜಮಾನ ಕುದುರೆ ಮೇಲಿಂದಲೇ ಹೇಳಿದನಂತೆ, ಕಾಡಿನಾಚೆ ವೈರಿಗಳು ಅಡಗಿದ್ದಾರೆ, ನಮ್ಮ ಮುಂದೆ ನಡೆಯೋಕೆ ನಿಮ್ಮಲ್ಲೊಬ್ಬ ಹುಡುಗ ಬೇಕು. ಮುಂದೆ ನಡೆಯೋನಿಗೇ ಮೊದಲ ಗುಂಡು, ಅದು ಎಲ್ಲರಿಗೂ ಗೊತ್ತು.

ಊರಲ್ಲಿ ವಯಸ್ಸಿಗೆ ಬಂದ ಗಂಡುಮಕ್ಕಳು ಹದಿನೇಳು ಜನ, ಪಟೇಲ ಎಬರ್‌ಹಾರ್ಟನ ಮಕ್ಕಳೇ ಮೂವರು. ಪಟೇಲ ಹೇಳಿದನಂತೆ, ನಾವು ಯಾರು ಆರಿಸೋಕೆ, ದೇವರೇ ಆರಿಸಲಿ. ಹದಿನೇಳು ಮರದ ಚಕ್ಕೆ ಮೇಲೆ ಅವರವರ ಮನೆ ಗುರುತು ಕೆತ್ತಿ ಮಡಕೇಲಿ ಹಾಕಿದ್ದೀವಿ ಅಂದ್ರು. ಇಗರ್ಜಿಯ ಮುದಿ ಪಾದ್ರಿಗೆ ಕಣ್ಣಲ್ಲಿ ಪೊರೆ, ಆತ ಕೈ ಹಾಕಿ ಒಂದು ಚಕ್ಕೆ ತೆಗೆದು ಹೆಬ್ಬೆರಳಲ್ಲಿ ಸವರಿ, ರೊಟ್ಟಿ ಹಲಗೆ ಅಂದನಂತೆ.

ಕುನಿಗುಂಡೆ ಕಿರುಚಲಿಲ್ಲ. ದೇವರು ಕೇಳಿದ್ದಾನೆ, ಕೊಡಬೇಕು ಅಂದ್ಕೊಂಡ್ಳಂತೆ. ಬಿಸಿ ರೊಟ್ಟಿ ಒಂದನ್ನ ಮಗನ ಅಂಗಿಯೊಳಗೆ ತುರುಕಿದ್ಲು. ಅವನು, ಅಮ್ಮಾ, ದೊಡ್ಡ ಕೊರಡು ಸೀಳೋದು ಉಳಿದಿದೆ, ನೀನು ಮುಟ್ಟಬೇಡ, ನಾನು ಬಂದು ಸೀಳ್ತೀನಿ ಅಂದನಂತೆ. ಹೋದ. ಸಂಜೆ ಹೊತ್ತಿಗೆ ಕಾಡಿನ ಕಡೆಯಿಂದ ಒಂದೇ ಒಂದು ಢಂ ಅನ್ನೋ ಸದ್ದು. ಆಮೇಲೆ ಬಹಳ ಸದ್ದು. ಹೆಣವೂ ಸಿಗಲಿಲ್ಲ.

ಆಮೇಲೆ ಎರಡು ತಿಂಗಳು ಕಳೀತು, ಅವಳು ಊರಿಗೆ ರೊಟ್ಟಿ ಬೇಯಿಸ್ತಾನೇ ಇದ್ದಳಂತೆ. ಒಂದು ಶನಿವಾರ ಪಟೇಲನ ಕಿರಿಸೊಸೆ ಹಿತ್ತಲಲ್ಲಿ ಬಿದ್ದಿದ್ದನ್ನೆಲ್ಲ ಬಾಚಿ ಪುಳ್ಳೆ ಬುಟ್ಟಿ ತಂದಿಟ್ಟು ಹೋದ್ಲು. ಕುನಿಗುಂಡೆ ಒಂದು ಹಿಡಿ ಎತ್ತಿ ಒಲೆಗೆ ಹಾಕೋಕೆ ಹೋದ್ರೆ, ಕೈಯಲ್ಲಿ ಮರದ ಚಕ್ಕೆ. ಅದರ ಮೇಲೆ ತನ್ನ ಮನೆ ಗುರುತು. ಇನ್ನೊಂದು ಎತ್ತಿದ್ಲು, ಅದರ ಮೇಲೂ ರೊಟ್ಟಿ ಹಲಗೆ. ಬುಟ್ಟಿ ನೆಲಕ್ಕೆ ಸುರಿದ್ಲು. ನೇಗಿಲಿಲ್ಲ, ಲಾಳ ಇಲ್ಲ, ಅಷ್ಟೂ ರೊಟ್ಟಿ ಹಲಗೆ.

ಮಡಿಲಿಗೆ ಚಕ್ಕೆ ತುಂಬ್ಕೊಂಡು ಮೊದಲು ಪಾದ್ರಿ ಹತ್ರ ಹೋದ್ಲಂತೆ. ಆತ ಒಂದೊಂದೇ ಸವರಿ ನೋಡಿದ. ನಾನು ತೆಗೆದಿದ್ದು ಒಂದೇ ಕಣಮ್ಮ, ಮಿಕ್ಕಿದ್ದು ನೋಡಲಿಲ್ಲ ಅಂದ. ಯಾಕೆ ನೋಡಲಿಲ್ಲ ಅಂತ ಕೇಳಿದ್ದಕ್ಕೆ ಚಕ್ಕೆಗಳನ್ನ ಅವಳ ಮಡಿಲಿಗೇ ವಾಪಸ್ ಹಾಕಿದ. ಆಮೇಲೆ ಪಕ್ಕದ ಮನೆ ಒಟ್ಟೀಲಿಯ ಹತ್ರ ಹೋದ್ಲು, ಚಿಕ್ಕಂದಿನಿಂದ ಜೊತೇಲಿ ಆಡಿ ಬೆಳೆದೋಳು. ಅವಳು ತಲೆ ಎತ್ತದೆ ಹೇಳಿದ್ಲಂತೆ, ನಂಗೊತ್ತಿತ್ತು ಕುನಿ, ಚಕ್ಕೆ ಕೆತ್ತಿದ್ದು ನಮ್ಮನೆಯವರೇ, ನಂಗೂ ಒಬ್ಬ ಮಗ ಇದ್ದಾನಲ್ಲ.

ಕಡೆಗೆ ಪಟೇಲನ ಅಂಗಳಕ್ಕೆ ಹೋಗಿ ಚಕ್ಕೆ ಸುರಿದ್ಲು. ಅವನು ಸುಳ್ಳು ಹೇಳಲಿಲ್ಲವಂತೆ. ನನ್ನ ಮಗ ಸತ್ತಿದ್ರೆ ಹೆಂಡತಿ ಅಳೋಳು, ಮಕ್ಕಳು ಅಳೋರು, ತಾಯಿ ಅಳೋಳು. ನಿನ್ನ ಮಗನಿಗಾದ್ರೆ ಅಳೋಳು ನೀನೊಬ್ಬಳೇ. ಊರ ಪಟೇಲನಾಗಿ ನಾನು ಇನ್ನೇನು ಮಾಡಲಿ ಅಂದ.

ಅವಳು ವಾಪಸ್ ಬಂದು ಒಲೆ ಗೂಡಿಗೆ ಬೀಗ ಹಾಕಿ, ಹೊಸ್ತಿಲ ಮೇಲೆ ಕೂತ್ಕೊಂಡ್ಲು.

ಮೊದಲ ವಾರ ಜನ ಬೈದ್ರು, ಗಂಜಿ ಕುಡಿದ್ರು. ಎರಡನೇ ವಾರ ಪಟೇಲನ ಮಕ್ಕಳು ಅವಳನ್ನ ಪಕ್ಕಕ್ಕೆ ತಳ್ಳಿ, ಬೀಗ ಒಡೆದು ತಾವೇ ಬೇಯಿಸಿದ್ರು. ಹೊರಗೆ ಇದ್ದಿಲು, ಒಳಗೆ ಹಸಿಹಿಟ್ಟು, ತಿಂದೋರಿಗೆಲ್ಲ ಹೊಟ್ಟೆನೋವು. ಮೂರನೇ ವಾರ ಹಿಮ ಬಿತ್ತು. ಊರಿನ ಪುಟ್ಟ ಮಕ್ಕಳು ಬಂದು ಅವಳ ಮುಂದೆ ಸುಮ್ಮನೆ ನಿಂತ್ಕೊಂಡ್ವಂತೆ, ಕೇಳಲೂ ಇಲ್ಲ, ಹೋಗಲೂ ಇಲ್ಲ. ಅವಳಿಗೆ ಅವುಗಳ ಮೇಲೂ ಸಿಟ್ಟು ಬಂತು. ಕಿಲಿಯನ್ ಇಲ್ಲ, ಇವು ಇವೆಯಲ್ಲ ಅಂತ. ಆದ್ರೆ ಕೈಗಳು ತಾವಾಗೇ ಸೌದೆ ಜೋಡಿಸಿದ್ವಂತೆ.

ರೊಟ್ಟಿ ಬೆಂದಾಗ ಊರೋರಿಗೆಲ್ಲ ಒಂದು ಮಾತು ಹೇಳಿದ್ಲು. ಮನೆಗೊಬ್ಬ ದೊಡ್ಡೋರು ಬರಬೇಕು, ಈ ಬಾಗಿಲಲ್ಲಿ ನಿಂತು ನನ್ನ ಮಗನ ಹೆಸರು ಹೇಳಬೇಕು, ರೊಟ್ಟಿ ತಗೊಂಡು ಹೋಗಬೇಕು. ಪಟೇಲನ ಮನೆಯಿಂದ ಪಟೇಲನೇ ಬರಬೇಕು.

ಒಟ್ಟೀಲಿಯ ಅಳ್ತಾ ಹೇಳಿದ್ಲು. ಪಾದ್ರಿ ಶಿಲುಬೆ ಗುರುತು ಹಾಕ್ಕೊಂಡು ಹೇಳಿದ. ಪಟೇಲ ಬಂದ, ಬಾಗಿಲಲ್ಲಿ ನಿಂತ, ತುಟಿ ಬಿಚ್ಚಲಾರದೆ ವಾಪಸ್ ಹೋದ. ಮತ್ತೆ ಬಂದ, ಮತ್ತೆ ಹೋದ. ಮೂರನೇ ಸಲ ಮೊಮ್ಮಗಳನ್ನ ಕಂಕುಳಲ್ಲಿ ಎತ್ಕೊಂಡು ಬಂದು, ಕಿಲಿಯನ್ ಅಂದ. ಕೇಳಿಸಲಿಲ್ಲ ಅಂದ್ಲು ಕುನಿಗುಂಡೆ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ. ಅವಳು ಅವನ ಮುಖ ನೋಡದೆ ರೊಟ್ಟಿ ಕೊಟ್ಟಳು. ಹನ್ನೊಂದು ವರ್ಷ, ಅವನು ಸಾಯೋವರೆಗೂ, ವಾರ ತಪ್ಪದೆ ಬಂದು ಹೇಳಿದನಂತೆ. ಅವಳ ಎದೆ ತಣ್ಣಗಾಯ್ತಾ ಅಂತ ಕೇಳಬೇಡ. ಆಗಲಿಲ್ಲ.

ಆಮೇಲೆ ಯುದ್ಧ ನಿಂತು, ಕಾಳು ಬೆಳೆದು, ಹೊಸ ಗಂಟೆ ಬಂತು. ಪಟೇಲನ ಮೂವರು ಮಕ್ಕಳ ಮನೇಲೂ ತೊಟ್ಟಿಲು ತೂಗಿದ್ವು, ಊರು ಸುಖವಾಗಿತ್ತು. ಕುನಿಗುಂಡೆ ಸತ್ತ ಮೇಲೆ ಹೊಸಬಳೊಬ್ಬಳು ಒಲೆಗೆ ಬಂದ್ಲು, ಜನ ರೂಢಿ ಬಿಡದೆ ಬಾಗಿಲಲ್ಲಿ ಹೆಸರು ಹೇಳ್ತಾನೇ ಇದ್ರು. ಮಕ್ಕಳಾಯ್ತು, ಮೊಮ್ಮಕ್ಕಳಾಯ್ತು, ಆ ಹೆಸರು ಯಾರದು ಅಂತ ಕೇಳೋರಿಲ್ಲ, ಹೇಳೋರೂ ಇಲ್ಲ. ಕಡೆಕಡೆಗೆ ಅದು ರೊಟ್ಟಿಯ ಹೆಸರೇ ಆಗಿಹೋಯ್ತಂತೆ. ಪಾದ್ರಿಯಮ್ಮ ಸಣ್ಣವಳಿದ್ದಾಗ ಬಾಗಿಲಲ್ಲಿ ನಿಂತು, ಎರಡು ಕಿಲಿಯನ್ ಕೊಡಿ, ಒಂದು ಚೆನ್ನಾಗಿ ಬೆಂದಿರಲಿ ಅಂತ ಕೇಳ್ತಿದ್ಲಂತೆ. ಬೆಣ್ಣೆ ಸವರಿಕೊಂಡು ತಿನ್ನೋರಂತೆ.

ಕತೆ ಅಲ್ಲಿಗೆ ಮುಗೀತು ಕಣೆ. ಹೂಂ ಅನ್ನಬೇಡ ಇನ್ನು, ಮಲಗು.