ಅಟ್ಟದ ಮೇಲಿನ ಹೊಟ್ಟು

ಮಧ್ಯಾಹ್ನದ ಸೆಕೆಗೆ ಕೂಸು ತೊಟ್ಟಿಲಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. "ತಾಳು ಕಂದ" ಎಂದು ನೀಲಕ್ಕ ಆ ಹಳೇ ಮನೆಯಲ್ಲಿ ತೊಟ್ಟಿಲ ನೇರ ಮೇಲಿದ್ದ ಅಟ್ಟ ಹತ್ತಿ, ಭತ್ತದ ಹೊಟ್ಟನ್ನು ಗೇಣು ದಪ್ಪ ಹರಡಿ ಬಂದಳು.

ಮಾಡಿನ ಹಂಚು ನಕ್ಕಿತು. "ಕಾಳಿಲ್ಲದವನೇ, ನಿನಗೆ ಇಲ್ಲಿ ಏನು ಕೆಲಸ? ಸೂರ್ಯನಿಗೆ ಎದೆಯೊಡ್ಡಿ ನಿಂತವನು ನಾನು."

"ನಿಂತಿದ್ದೀರಿ, ಸರಿ. ಅವನು ಅಂದದ್ದನ್ನೆಲ್ಲ ಕೆಳಗೆ ದಾಟಿಸುವವರೂ ನೀವೇ" ಎಂದಿತು ಹೊಟ್ಟು.

ಅಂದು ಸೂರ್ಯ ಕೆಂಡ ಕಾರಿದ. ಹಂಚು ಕಾದು, ಎಂದಿನಂತೆ ಅಷ್ಟನ್ನೂ ಕೆಳಕ್ಕೆ ಕಾರಿತು. ಆದರೆ ತೊಟ್ಟಿಲಿನಿಂದ ಅಳುವೇ ಕೇಳಲಿಲ್ಲ.

"ಏನಯ್ಯಾ, ಬಿಸಿ ಮುಟ್ಟಲಿಲ್ಲವೇ?" ಎಂದು ಹಂಚು ಕೂಗಿತು.

"ಮುಟ್ಟಿತು. ನನ್ನ ಹೊಟ್ಟೆ ಹೇಗೂ ಖಾಲಿ ಇತ್ತು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ" ಎಂದಿತು ಹೊಟ್ಟು. "ಇನ್ನು ಮೆಲ್ಲಗೆ ಮಾತಾಡಿ, ಕೂಸು ಮಲಗಿದೆ."