ಬಳಪದ ಸಪ್ಪಳ

ಬೆಟಗೇರಿಯ ನೇಕಾರರ ಓಣಿಯಲ್ಲಿ, ಚರ್ಚಿನ ಹಿಂದೆ, ಒಂದು ಕಾಲಕ್ಕೆ ಹತ್ತಿ ತುಂಬುತ್ತಿದ್ದ ಕೋಣೆಯೊಂದಿತ್ತು. ಸದ್ದು ಗೋಡೆಗೆ ಬಡಿದು ಮರಳದಿರಲೆಂದು ಸಭೆಯ ತಾಯಂದಿರು ಹೊಲಿದುಕೊಟ್ಟ ಕೌದಿಗಳನ್ನು ನಾಲ್ಕೂ ಕಡೆ ಇಳಿಬಿಟ್ಟು, ನಡುವೆ ಒಂದು ಕುರ್ಚಿ, ಒಂದು ಮೈಕು ಇಟ್ಟುಕೊಂಡು, ಪೂಜ್ಯ ಸಮಾಧಾನಪ್ಪ ನೀರಲಗಿ ಅಯ್ಯನವರು ಅಲ್ಲಿಂದಲೇ ರೇಡಿಯೊ ಸೇವೆ ನಡೆಸುತ್ತಿದ್ದರು. ಓಣಿಯ ಮಗ್ಗಗಳು ಮಧ್ಯಾಹ್ನದ ಊಟಕ್ಕೆ ನಿಂತಾಗ ಮಾತ್ರ ಧ್ವನಿಮುದ್ರಣ. ಟೇಪು ಅಂಚೆಯಲ್ಲಿ ಸಮುದ್ರದಾಚೆಯ ದ್ವೀಪವೊಂದಕ್ಕೆ ಹೋಗುತ್ತಿತ್ತು. ಅಲ್ಲಿನ ಪ್ರಸಾರ ಕೇಂದ್ರದಿಂದ ಸಂಜೆಯ ಹೊತ್ತು ಗಾಳಿಯಲ್ಲಿ ಹಾಯ್ದು ಮತ್ತೆ ನಮ್ಮ ನಾಡಿಗೇ ಬರುತ್ತಿತ್ತು.

ಅಯ್ಯನವರು ಓದುವ ರೀತಿ ಬೇರೆಯೇ. ದೇವರ ವಾಕ್ಯದ ನಾಲ್ಕೈದು ಪದ ಓದುವರು. ತೊಡೆಯ ಮೇಲಿನ ಪಾಟಿಯಲ್ಲಿ ಅದನ್ನೇ ಬಳಪದಿಂದ ಬರೆಯುವರು. ಬರೆದು ಮುಗಿದ ಮೇಲೆಯೇ ಮುಂದಿನ ಮಾತು. ಬಳಪವನ್ನು ಬೆರಳುಗಳಲ್ಲಿ ಹಿಡಿಯುತ್ತಿರಲಿಲ್ಲ. ಎಳೆಮಕ್ಕಳ ಹಾಗೆ ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಈ ಕೋಣೆಗೆ ಮಂಗಳೂರಿನಿಂದ ಥಿಯೊಡೋರ್ ಸಾಲಿನ್ಸ್ ಎಂಬವರು ಬಂದರು. ಸರಕಾರಿ ರೇಡಿಯೊದಲ್ಲಿ ಬಹುಕಾಲ ವಾರ್ತೆ ಓದಿ ನಿವೃತ್ತರಾದವರು, ಮಾತಿನಲ್ಲೂ ಸಮಯದಲ್ಲೂ ಕಟ್ಟುನಿಟ್ಟು. ಸೇವೆಯ ಖರ್ಚು ನೋಡಿಕೊಳ್ಳುತ್ತಿದ್ದ ಮಂಡಳಿ ಅವರಿಗೊಂದು ಹೊಣೆ ಒಪ್ಪಿಸಿತ್ತು: ಅರ್ಧ ಗಂಟೆಯ ಕಾರ್ಯಕ್ರಮವನ್ನು ಕಾಲು ಗಂಟೆಗೆ ಇಳಿಸಬೇಕು, ಆಗದಿದ್ದರೆ ಸೇವೆಯನ್ನೇ ನಿಲ್ಲಿಸಲಾಗುವುದು.

ಮೊದಲ ದಿನವೇ ಟೇಪು ಕೇಳಿ ಸಾಲಿನ್ಸ್ ಹುಬ್ಬು ಗಂಟಿಕ್ಕಿದರು. "ಅಲ್ಲ ಅಯ್ಯನವರೇ, ಇದರಲ್ಲಿ ಅರ್ಧಕ್ಕರ್ಧ ಖಾಲಿ. ಅದರ ಮೇಲೆ ಇಲಿ ಕೆರೆದ ಹಾಗೆ ಒಂದು ಸದ್ದು ಬೇರೆ."

"ಅದು ಇಲಿ ಅಲ್ಲರಿ, ನಾನು," ಎಂದು ಅಯ್ಯನವರು ನಕ್ಕರು. "ಕೇಳಾವ್ರು ಬರಕೋತಾರ."

"ಈ ಕಾಲದಲ್ಲಿ ಯಾರು ಬರೆದುಕೊಳ್ತಾರೆ? ಪುಸ್ತಕ ಪೇಟೆಯಲ್ಲೇ ಸಿಗ್ತದಲ್ಲ!"

"ಮೊದಲ ಊಟ ಮಾಡ್ರಿ. ರೊಟ್ಟಿ ಆರತಾವ."

ಇದಕ್ಕಿಂತ ಹೆಚ್ಚು ವಾದ ಅಯ್ಯನವರು ಮಾಡಲಿಲ್ಲ. ಮರುದಿನ ಹಳ್ಳಿಗಳ ಸಭೆಗಳನ್ನು ನೋಡಿಬರಲು ಎರಡು ತಿಂಗಳ ತಿರುಗಾಟಕ್ಕೆ ಹೊರಟರು. ಸಾಲಿನ್ಸ್ ಬ್ಲೇಡು ಹಿಡಿದು ಕುಳಿತು ಟೇಪಿನ ಮೌನವನ್ನೆಲ್ಲ ಕತ್ತರಿಸಿ, ಮಾತಿಗೆ ಮಾತು ಅಂಟಿಸಿದರು. ಇಲಿಯ ಸದ್ದೂ ಅದರೊಂದಿಗೆ ಕಸದ ಬುಟ್ಟಿ ಸೇರಿತು. ಕಾರ್ಯಕ್ರಮ ಸರಿಯಾಗಿ ಕಾಲು ಗಂಟೆಗೆ ಬಂತು. ಮುಂದೆ ಅದು ಪ್ರಸಾರವಾದ ಸಂಜೆ ರೇಡಿಯೊ ಮುಂದೆ ಕೂತು ಕೇಳಿ, ಸೇವೆ ಉಳಿಸಿದೆ ಎಂದು ಅವರು ಮನಸಾರೆ ಸಂತೋಷಪಟ್ಟರು. ಮಂಡಳಿಯೂ ಮೆಚ್ಚಿತು. ಅಯ್ಯನವರು ತಿರುಗಾಟ ಮುಗಿಸಿ ಬಂದಾಗ ಅದನ್ನೇ ಹೇಳಬೇಕೆಂದಿದ್ದರು.

ಆದರೆ ಅಯ್ಯನವರು ಮರಳಿದ ದಿನವೇ, ಅದನ್ನು ಹೇಳುವ ಮೊದಲೇ, ಒಬ್ಬ ಮನುಷ್ಯ ಬಂದ. ಮಗ್ಗಗಳು ನಿಂತಿದ್ದ ಹೊತ್ತು. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು, ಗೇಟಿನಾಚೆ ಬಿಸಿಲಲ್ಲೇ ನಿಂತಿದ್ದ.

"ಹೊರಗ ಯಾಕ ನಿಂತಿ ಮಾಳಿಂಗಪ್ಪ? ಒಳಗ ಬಾ."

"ರೂಢಿರಿ ಅಯ್ಯನವರ."

ಅಯ್ಯನವರು ಹೋಗಿ ಹೆಗಲ ಮೇಲೆ ಕೈಯಿಟ್ಟು ಕರೆತಂದು, ಮೈಕಿನ ಮುಂದಿನ ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಊರಾಚೆಯ ಕುಷ್ಠರೋಗ ಆಸ್ಪತ್ರೆಯವನೆಂದು ಸಾಲಿನ್ಸ್ ಅವರಿಗೆ ನೋಡಿದೊಡನೆ ತಿಳಿಯಿತು. ತಮಗರಿವಿಲ್ಲದೆ ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಮಾಳಿಂಗಪ್ಪನ ಕಣ್ಣೆಲ್ಲ ಅಯ್ಯನವರ ಕೈ ಮೇಲೆಯೇ ಇತ್ತು. "ಆರಾಮ ಅದೀರಿಲ್ರಿ? ವಾರ್ಡಿನಾಗ ಎಲ್ಲಾರೂ ಗಾಬರಿ ಆಗ್ಯಾರ."

"ನನಗೇನಾಗೇತೋ?"

"ಏನೋ ಯಪ್ಪಾ! ರೇಡಿಯೋದಾಗ ರೈಲು ತಪ್ಪತೈತಿ ಅನ್ನಾವ್ರಂಗ ಓದಾಕ ಹತ್ತೀರಿ. ಬಳಪದ ಸಪ್ಪಳನೂ ಇಲ್ಲ. ಅಯ್ಯನವರ ಕೈನೂ ನಮ್ಮಂಗ ಆತೇನೋ ಅಂತ ದ್ಯಾವಕ್ಕ ಎದಿ ಬಡಕೊಂಡು ಅತ್ತಳ್ರಿ."

ಅಯ್ಯನವರು ಎರಡೂ ಅಂಗೈ ಚಾಚಿ ತೋರಿಸಿದರು. ಅವನ ಉಸಿರು ಕೆಳಗಿಳಿಯಿತು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದ. "ಕುರಿ ಕಳಕೊಂಡಾಂವ ಹುಡುಕಾಕ ಹೊಂಟ ಅನ್ನೂದಕ್ಕ ನಿಂತೇತಿ ನೋಡ್ರಿ. ಮುಂದ ಯಾರ ಕೈಯೂ ಸಾಗಿಲ್ಲ. ಸಿಕ್ತು ಅಂತ ನೀವು ಓದಿದ್ದು ಕೇಳೇವಿ, ಹೌದು. ಆದ್ರ ಬರೀಲಾರದ ಅದು ನಮಗ ಸಿಕ್ಕಂಗ ಹೆಂಗ ಆಗತೈತ್ರಿ?"

ಸಾಲಿನ್ಸ್ ಆ ಹಾಳೆಯನ್ನು ನೋಡಿದರು. ಅಕ್ಷರಗಳು ದೊಡ್ಡವು, ಸೊಟ್ಟವು. ಆದರೆ ಒಂದೂ ತಪ್ಪಿರಲಿಲ್ಲ. ಬೆರಳಿಲ್ಲದ ಕೈಗೆ ಬಟ್ಟೆಯಲ್ಲಿ ಪೆನ್ಸಿಲು ಕಟ್ಟಿಕೊಂಡು ಬರೆದ ಸಾಲುಗಳವು.

ಈ ಸೇವೆ ಹುಟ್ಟಿದ್ದೇ ಆ ವಾರ್ಡಿನಲ್ಲಿ. ರೋಗಕ್ಕೆ ಅಂಜಿ ಯಾರೂ ಹೊಗದ ಬಾಗಿಲಲ್ಲಿ ರೇಡಿಯೊ ಮಾತ್ರ ಅಂಜದೆ ಹೊಗುತ್ತಿತ್ತು. ಹಿಂದೊಮ್ಮೆ ಅಯ್ಯನವರು ಅಲ್ಲಿಗೆ ಪುಸ್ತಕ ಹಂಚಲು ಹೋದಾಗ ಇದೇ ಮಾಳಿಂಗಪ್ಪ, "ಓದಾಕ ಕೊಟ್ರ ಓದತೇವ್ರಿ. ಆದ್ರ ಈ ಕೈಲೆ ಏನರ ಒಂದು ಕೆಲಸ ಆಗಬೇಕಲ್ರಿ," ಅಂದಿದ್ದ. ಅಂದಿನಿಂದ ಅಯ್ಯನವರ ಬಳಪ ಬೆರಳು ಬಿಟ್ಟು ಮುಷ್ಟಿ ಸೇರಿತು. ವಾರ್ಡಿನವರ ಕೈ ನಡೆದಷ್ಟೇ ತಮ್ಮ ಕೈಯೂ ನಡೆಯಬೇಕೆಂದು.

ಸಾಲಿನ್ಸ್ ತಲೆ ತಗ್ಗಿಸಿ ನಿಂತರು. "ಕತ್ತರಿಸಿದ್ದು ನಾನು ಅಯ್ಯನವರೇ. ಖಾಲಿ ಜಾಗ ಅಂತ ತಿಳಿದೆ."

ಅಯ್ಯನವರ ದನಿಯಲ್ಲಿ ಸಿಟ್ಟಿರಲಿಲ್ಲ. "ಖಾಲಿ ಅಲ್ಲರಿ ಸಾಲಿನ್ಸ್. ಓದೂದು ನಮ್ಮ ಪಾಳಿ. ನಾವು ಸುಮ್ಮನಿರೂದು ಅವರ ಪಾಳಿ."

ಅಷ್ಟು ಹೇಳಿ ಪಾಟಿ, ಬಳಪ ಸಾಲಿನ್ಸ್ ಅವರ ಕೈಗಿತ್ತರು. ಮಗ್ಗಗಳು ಮತ್ತೆ ಶುರುವಾಗಲು ಇನ್ನೂ ಸಮಯವಿತ್ತು. ಸಾಲಿನ್ಸ್ ಒಂದು ಸ್ಟೂಲು ಎಳೆದುಕೊಂಡು ಮಾಳಿಂಗಪ್ಪನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರು.

"ಸಾಹೇಬ್ರ, ಬೆರಳಾಗ ಹಿಡೀಬ್ಯಾಡ್ರಿ, ಓಡಿಬಿಡತೀರಿ. ಮುಷ್ಟಿ ಮಾಡ್ರಿ."

ಸಾಲಿನ್ಸ್ ಮುಷ್ಟಿ ಮಾಡಿದರು. ಅಯ್ಯನವರು ಟೇಪು ಚಾಲೂ ಮಾಡಿದರು. ನಾಡೆಲ್ಲ ಕೇಳಿದ್ದ ಆ ವಾರ್ತೆಯ ದನಿ ನಾಲ್ಕು ಪದ ಓದಿತು, ನಿಂತಿತು, ಬರೆಯಿತು, ಕಾಯಿತು. ಪಕ್ಕದಲ್ಲಿ ಪೆನ್ಸಿಲು ಹಾಳೆಯ ಮೇಲೆ ನಿಧಾನವಾಗಿ ಸಾಗುತ್ತಿತ್ತು. ಕುರುಬ ಗುಡ್ಡ ಹತ್ತಿದ, ಹಳ್ಳ ಇಳಿದ ಎಂದೆಲ್ಲ ವಾಕ್ಯದಲ್ಲಿರಲಿಲ್ಲ. ಆದರೆ ಆ ಮೌನದಲ್ಲಿ ಅವನು ಹುಡುಕುತ್ತಿದ್ದಾನೆಂದು ಸಾಲಿನ್ಸ್ ಅವರಿಗೆ ಮೊದಲ ಸಲ ಅನ್ನಿಸಿತು. ಕೊನೆಯ ಪದ ಬರೆದು ಮಾಳಿಂಗಪ್ಪ ಮೈಕನ್ನು ಮರೆತು ಗಟ್ಟಿಯಾಗಿ ಅಂದುಬಿಟ್ಟ:

"ಸಿಕ್ತ್ರಿ!"

ಜೀವಮಾನವಿಡೀ ಒಂದು ಕೆಮ್ಮನ್ನೂ ಟೇಪಿನಲ್ಲಿ ಉಳಿಸದಿದ್ದ ಸಾಲಿನ್ಸ್ ಆ ಮಾತನ್ನು ಕತ್ತರಿಸಲಿಲ್ಲ. ಅದು ಹಾಗೆಯೇ ದ್ವೀಪಕ್ಕೆ ಹೋಗಿ, ಒಂದು ಸಂಜೆ ವಾರ್ಡಿಗೆ ಮರಳಿ ಬಂತು.

ಆ ಟೇಪಿನ ಇನ್ನೊಂದು ಪ್ರತಿಯನ್ನು ಅವರು ಮಂಡಳಿಯ ಸಭೆಗೂ ಒಯ್ದರು. ಎಲ್ಲರ ಮುಂದೆ ಒಂದೊಂದು ಪಾಟಿ, ಬಳಪ ಇಟ್ಟು, ಟೇಪು ಹಚ್ಚಿ, "ಮುಷ್ಟಿಯಲ್ಲಿ ಹಿಡಿದು ಬರೆಯಿರಿ. ಆಮೇಲೆ ಯಾವುದನ್ನು ಕತ್ತರಿಸಬೇಕೆಂದು ನೀವೇ ಹೇಳಿ," ಎಂದರು. ಬರೆಯುತ್ತ ಬರೆಯುತ್ತ ಹಿಂದೆ ಬಿದ್ದ ಅಧ್ಯಕ್ಷರೇ ಕೈಯೆತ್ತಿ, "ಸ್ವಲ್ಪ ತಡೀರಿ," ಅಂದರು. ಕಾರ್ಯಕ್ರಮ ಅರ್ಧ ಗಂಟೆಯಾಗಿಯೇ ಉಳಿಯಿತು.

ಅಯ್ಯನವರು ಪ್ರಭುವಿನ ಸನ್ನಿಧಿ ಸೇರಿದ ಮೇಲೆ ಸಾಲಿನ್ಸ್ ಮಂಗಳೂರಿಗೆ ಮರಳಲಿಲ್ಲ. ಆ ಕುರ್ಚಿಯಲ್ಲಿ ಕೂತರು, ಇಂದಿಗೂ ಕೂರುತ್ತಾರೆ. ಈಗ ಟೇಪಿಲ್ಲ, ದ್ವೀಪವೂ ಬೇಕಿಲ್ಲ, ಸೇವೆ ಮೊಬೈಲಿಗೆ ಬಂದಿದೆ. ಕೇಳುವವರು ಬೇಕಾದರೆ ವೇಗ ಹೆಚ್ಚಿಸಿಕೊಳ್ಳಬಹುದಲ್ಲ, ನಾವೇಕೆ ಇಷ್ಟು ನಿಲ್ಲಬೇಕು ಎಂದು ಯಾರಾದರೂ ಕೇಳಿದರೆ ಸಾಲಿನ್ಸ್ ಹೇಳುವುದು ಇಷ್ಟೇ: "ಮುಂದೆ ಹೋಗುವವರು ಹೋಗಲಿ. ನಾವು ಹಿಂದೆ ಇರುವವರ ಜೊತೆಗೆ ಇದ್ದೇವೆ."

ಹಾಗೆಂದು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಓಣಿಯ ಮಗ್ಗಗಳು ಊಟಕ್ಕೆ ನಿಲ್ಲುತ್ತವೆ. ನಾಲ್ಕು ಪದ, ಆಮೇಲೆ ಪಾಟಿಯ ಮೇಲೆ ಆ ಸಣ್ಣ ಸಪ್ಪಳ.